ಹಾಲಿನ ಲೆಕ್ಕದ ಪಕ್ಕ ಒಂದು ಸಾಲು

'ಮಮ್ಮೀ, ನನ್ನ ಮೊದಲನೇ ಹಲ್ಲು ಯಾವಾಗ ಬಿತ್ತು?'

2024ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಹಂಚಿನ ಮೇಲೆ ರೊಟ್ಟಿ, ಕಟ್ಟೆಯ ಮೇಲೆ ಅರ್ಧ ತುಂಬಿದ ಡಬ್ಬಿ, ಗಡಿಯಾರದಲ್ಲಿ ಎಂಟೂಕಾಲು. ಒಂದನೇ ಇಯತ್ತೆಯ ಮಗಳಿಗೆ ಶಾಲೆಯಲ್ಲಿ 'ನನ್ನ ಬಗ್ಗೆ ಹತ್ತು ಸಾಲು' ಬರೆದುಕೊಂಡು ಬರಲು ಹೇಳಿದ್ದರಂತೆ. ಒಂಬತ್ತು ಸಾಲು ಬರೆದು, ಹತ್ತನೆಯದಕ್ಕೆ ನನ್ನ ಹತ್ತಿರ ಬಂದಿದ್ದಳು.

ರೊಟ್ಟಿ ತಿರುವಿ ಹಾಕುತ್ತಾ ಯೋಚಿಸಿದೆ. ದೀಪಾವಳಿಗೆ ಮೊದಲೋ, ಆಮೇಲೋ? ದಸರಾ ರಜೆಯಲ್ಲಿ ತವರಿಗೆ ಹೋದಾಗ ಬಾಯಲ್ಲಿ ಆ ಸಂದಿ ಇತ್ತೋ, ಇಲ್ಲವೋ? ಮೊಬೈಲ್ ತೆಗೆದು ನೋಡಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ಫೋಟೊ! ಅದರಲ್ಲಿ ಅರ್ಧ ಯಾರ್ಯಾರೋ ಕಳಿಸಿದ ಗುಡ್ ಮಾರ್ನಿಂಗ್ ಹೂವುಗಳು. ಹಲ್ಲು ಬಿದ್ದ ಬಾಯಿ ಮಾತ್ರ ಸಿಗಲಿಲ್ಲ.

ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. 'ಜೋಕುಮಾರ ಬಂದ ದಿನಾ ಅಲ್ಲೇನ? ಮರದಾಗ ಜ್ವಾಳಾ ಹಾಕ್ಕೊಂಡ ನಾ ಬಾಗಲಕ್ಕ ಬಂದ್ರ, ಇಕಿ ಹಲ್ಲ ಕೈಯಾಗ ಹಿಡಕೊಂಡ ಅಳಕೋತ ನಿಂತಿದ್ಲು.'

ಹೌದಲ್ಲ! ಗಣೇಶ ಚೌತಿ ಮುಗಿದ ಮೇಲೆ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಹೆಣ್ಣುಮಕ್ಕಳು ಹಾಡುತ್ತಾ ಮನೆ ಮನೆಗೆ ಬರುತ್ತಾರಲ್ಲ, ಆ ದಿನ. ಆರೇ ತಿಂಗಳ ಹಿಂದಿನ ಮಾತು. ಹೆತ್ತ ತಾಯಿ ನಾನು ಮರೆತಿದ್ದೆ. ಎಪ್ಪತ್ತು ದಾಟಿದ ಅತ್ತೆಗೆ ನೆನಪಿತ್ತು.

ನಿಮ್ಮ ಮನೆಯಲ್ಲೂ ಹೀಗೆ ಆಗಿರಬೇಕಲ್ಲವೇ? ಮದುವೆ, ನಾಮಕರಣ, ಜಾವಳ ಇಂಥವಕ್ಕೆಲ್ಲ ಫೋಟೊ ಇರುತ್ತವೆ, ವಿಡಿಯೋ ಇರುತ್ತದೆ. ಆದರೆ ಮಗ ಮೊದಲ ಸಲ ಸೈಕಲ್ ತುಳಿದದ್ದು, ಮಗಳು ಕೊತ್ತಂಬರಿ ತರಲು ಒಬ್ಬಳೇ ಅಂಗಡಿಗೆ ಹೋಗಿ ಬಂದದ್ದು, ಊರಿಗೆ ಹೋಗುವಾಗ ಬಸ್ಸು ತಪ್ಪಿ ಎಲ್ಲರೂ ನಕ್ಕಿದ್ದು... ಸಂಸಾರ ಅಂದರೆ ಇವೇ. ಮತ್ತು ಕೈಬಿಟ್ಟು ಹೋಗುವುದೂ ಇವೇ.

ಹಿರಿಯರ ಕ್ಯಾಲೆಂಡರೇ ಬೇರೆ

ನಾನು ಹುಕ್ಕೇರಿಯ ಮಗಳು, ಗೋಕಾಕದ ಸೊಸೆ. ನಾದಿನಿಯನ್ನು ಮೂಡಲಗಿಗೆ ಕೊಟ್ಟಿದೆ. ಈ ಮೂರೂ ಊರಿನ ಯಾವ ಅಜ್ಜಿಯನ್ನು ಕೇಳಿದರೂ ತಾರೀಖು ಹೇಳುವುದಿಲ್ಲ. 'ಕಾರಹುಣ್ಣಿವಿ ಮರುದಿನ ಹುಟ್ಟಿದಾಂವ', 'ಸೀಗಿಹುಣ್ಣಿವಿ ಮುಂದ ಲಗ್ನ ಆಗಿದ್ದು', 'ನೀರ ಬಂದ ವರ್ಷ ಕಟ್ಟಿದ ಮನಿ'. ಇದು ಅವರ ಲೆಕ್ಕ. ಗೋಕಾಕ ಫಾಲ್ಸ್ ಕಡೆಯವರಾದರೆ ಮಿಲ್ಲಿನ ಭೋಂಗಾ ಕೂಗುವ ಹೊತ್ತಿನ ಮೇಲೆ ಮಗು ಹುಟ್ಟಿದ ವೇಳೆ ಹೇಳುವವರೂ ಇದ್ದರು. 1885ರಲ್ಲಿ ಸ್ಥಾಪನೆಯಾದ ಆ ಬಟ್ಟೆ ಗಿರಣಿ ಎಷ್ಟೋ ಮನೆಗಳಿಗೆ ಗಡಿಯಾರವೂ ಆಗಿತ್ತು.

ಕಾಗದದ ಮೇಲಿನ ತಾರೀಖು ಕೇಳಿದರೆ ಮಾತ್ರ ನಗು ಬರುತ್ತದೆ. ನಮ್ಮ ಅತ್ತೆ ಹುಟ್ಟಿದ್ದು ಜೂನ್ 1. ನಮ್ಮ ಅವ್ವ ಹುಟ್ಟಿದ್ದೂ ಜೂನ್ 1. ಕಾಕಾ, ಮಾಮಾ, ಎದುರು ಮನೆಯ ಅಜ್ಜ ಎಲ್ಲರದೂ ಜೂನ್ 1! ಶಾಲೆಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಗೊತ್ತಿರದ ಮಕ್ಕಳಿಗೆಲ್ಲ ಮಾಸ್ತರರು ಅದೊಂದೇ ತಾರೀಖು ಬರೆದುಬಿಡುತ್ತಿದ್ದರು. 'ನೀವು ಖರೇ ಹುಟ್ಟಿದ್ದು ಯಾವಾಗರಿ ಅತ್ತೀ?' ಅಂತ ಕೇಳಿದರೆ, 'ಗೌರಿಹುಣ್ಣಿವಿ ಸಕ್ರಿ ಆರತಿ ಎತ್ತೂ ಹೊತ್ತಿಗಂತ ಯವ್ವಾ' ಅನ್ನುತ್ತಾರೆ. ಹಬ್ಬ ನೆನಪಿದೆ, ಇಸವಿ ಅಂದಾಜು.

ಆಗಿನ ಹೆಣ್ಣುಮಕ್ಕಳು ಡೈರಿ ಬರೆಯಲಿಲ್ಲ, ನಿಜ. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದರು. ತವರಿನ ದಾರಿ, ಅಣ್ಣ ತಂದ ಸೀರೆ, ತೊಟ್ಟಿಲ ಕೂಸು ಎಲ್ಲವೂ ಆ ಹಾಡಿನಲ್ಲಿ ಸೇರಿತು. ವಿಜಾಪುರ ಜಿಲ್ಲೆಯ ಹಲಸಂಗಿ ಗೆಳೆಯರು ಇಂಥ ಹಾಡುಗಳನ್ನು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದ್ದರಿಂದ ಅವು ನಮ್ಮವರೆಗೂ ಬಂದವು. ಈಗ ಬೀಸುವ ಕಲ್ಲೂ ಇಲ್ಲ, ಹಾಡೂ ಇಲ್ಲ. ನಮ್ಮ ದಿನಗಳನ್ನು ಹಿಡಿದಿಡುವುದು ಯಾವುದು ಹೇಳಿ? ಮೊಬೈಲೇ?

ನೀರು ಬಂದ ವರ್ಷ

ಮೊಬೈಲಿನ ಮಾತು ಬಂದರೆ ನನಗೆ 2019ರ ಆಗಸ್ಟ್ ನೆನಪಾಗುತ್ತದೆ. ಘಟಪ್ರಭಾ ಉಕ್ಕಿತು, ಮಾರ್ಕಂಡೇಯ ನದಿಯೂ ತುಂಬಿ ಬಂತು. ಲೋಳಸೂರ ಸೇತುವೆ ಮುಳುಗಿತು. ಊರಿನ ತಗ್ಗಿನ ಓಣಿಗಳಲ್ಲಿ ನೀರು ನುಗ್ಗಿತು. ನಮ್ಮದೂ ತಗ್ಗಿನ ಓಣಿಯೇ. ಎರಡು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಐದು ವರ್ಷದ ಮಗನ ಕೈಹಿಡಿದು, ಅತ್ತೆಯನ್ನು ಕರೆದುಕೊಂಡು ಮೂಡಲಗಿಯ ನಾದಿನಿ ಮನೆ ಸೇರಿದೆವು. ಬಂಗಾರ ಒಯ್ದೆವು, ಬ್ಯಾಂಕಿನ ಪಾಸ್‌ಬುಕ್ ಒಯ್ದೆವು, ರೇಷನ್ ಕಾರ್ಡ್ ಒಯ್ದೆವು. ಮಂಚದ ಕೆಳಗಿನ ಟ್ರಂಕು ಯಾರಿಗೂ ನೆನಪಾಗಲಿಲ್ಲ.

ವಾಪಸು ಬಂದು ತೆಗೆದು ನೋಡಿದರೆ ಆಲ್ಬಮ್ಮುಗಳೆಲ್ಲ ಕೆಸರಿನ ಇಟ್ಟಿಗೆ ಆಗಿದ್ದವು. ನಮ್ಮ ಮದುವೆಯದು, ಮಗನ ನಾಮಕರಣದ್ದು. ಮಗಳ ಮೊದಲ ವರ್ಷದ ಫೋಟೊಗಳಿದ್ದ ಹಳೆಯ ಮೊಬೈಲು ಕಪಾಟಿನ ಕೆಳಖಾನೆಯಲ್ಲಿ ನೀರು ಕುಡಿದು ಕುಳಿತಿತ್ತು. ದುರಸ್ತಿ ಅಂಗಡಿಯವನು ನೋಡಿ ತಲೆ ಅಲ್ಲಾಡಿಸಿದ. ಎಲ್ಲಕ್ಕಿಂತ ದೊಡ್ಡ ನಷ್ಟ ಅತ್ತೆಯದು. ಅವರ ಮತ್ತು ಮಾವನವರ ಜೋಡಿ ಫೋಟೊ ಇದ್ದದ್ದು ಒಂದೇ ಒಂದು. ಮದುವೆಯಾದ ಕೆಲವು ವರ್ಷಗಳಿಗೆ ಫಾಲ್ಸಿನ ತೂಗುಸೇತುವೆಯ ಮೇಲೆ ತೆಗೆಸಿದ್ದು. ಅದಕ್ಕೆ ಅಂಟಿದ್ದ ಪ್ಲಾಸ್ಟಿಕ್ಕನ್ನು ಅವಸರದಲ್ಲಿ ಎಳೆದವಳು ನಾನೇ. ಬಣ್ಣವೆಲ್ಲ ಪ್ಲಾಸ್ಟಿಕ್ಕಿಗೆ ಬಂತು, ಕೈಯಲ್ಲಿ ಬಿಳಿ ಕಾಗದ ಉಳಿಯಿತು. ಅತ್ತೆ ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಆದರೆ ಅಟ್ಟದ ಮೇಲೆ ಒಂದು ಗಂಟು ಒಣಗಿಯೇ ಉಳಿದಿತ್ತು. ಮಾವನವರು ಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಅಂಗಡಿಯಲ್ಲಿ ಅರ್ಧ ತುಂಬಿ ಮಿಕ್ಕ ಕೆಂಪು ಬಟ್ಟೆ ರಟ್ಟಿನ ವಹಿಗಳನ್ನು ಅತ್ತೆಗೆ ಹಾಲಿನ ಲೆಕ್ಕ ಬರೆಯಲು ಕೊಡುತ್ತಿದ್ದರಂತೆ. ಅತ್ತೆ ಓದಿದ್ದು ನಾಲ್ಕನೇ ಇಯತ್ತೆ. ಅಂಥ ಮೂರು ವಹಿಗಳು. ಬಿಡಿಸಿದರೆ ಹಾಲು, ಎಣ್ಣೆ, ಗಿರಣಿಯ ಲೆಕ್ಕ. ಪಕ್ಕದಲ್ಲಿ ಒಂದೊಂದು ಸಾಲು.

'ಹಾಲು 1 ಸೇರು. ಪಂಚಮಿ. ಜೋಕಾಲಿ ಹಗ್ಗ ಹರೀತು. ಯಾರಿಗೂ ಪೆಟ್ಟಿಲ್ಲ.'

'ಹಾಲು 2 ಲೀಟರು. ಮಗ ಸಾಲಿಗೆ ಹೋದ. ಅವ ಅಳಲಿಲ್ಲ. ನಾನೇ ಅತ್ತೆ.'

ಮತ್ತೆ 1974ರ ಪುಟದಲ್ಲಿ: 'ಫಾಲ್ಸಿಗೆ ಹೋಗಿದ್ದೆವು. ಸೇತುವೆ ಅಲುಗಾಡಿತು. ಅವರ ಕೈ ಹಿಡಿದೆ. ಮಂದಿ ನೋಡಿದರು.'

ಫೋಟೊ ಹೋಗಿತ್ತು. ಆ ದಿನ ಹೋಗಿರಲಿಲ್ಲ. ಫೋಟೊದಲ್ಲಿ ಇಬ್ಬರೂ ಬಿಗಿದುಕೊಂಡು ನಿಂತಿದ್ದರು ಅಂತ ನನಗೆ ನೆನಪು. ಕೈ ಹಿಡಿದದ್ದು, ಮಂದಿ ನೋಡಿದ್ದು ಆ ಫೋಟೊದಲ್ಲಿ ಎಲ್ಲಿತ್ತು?

ಯುಗಾದಿಯಿಂದ ಯುಗಾದಿಗೆ

ಇಷ್ಟೆಲ್ಲ ಕಂಡ ಮೇಲೂ ನಾನು ಬುದ್ಧಿ ಕಲಿಯಲಿಲ್ಲ ನೋಡಿ! ಐದು ವರ್ಷ ಹಾಗೇ ಹೋಯಿತು. ಮಗಳ ಹಲ್ಲಿನ ಪ್ರಶ್ನೆ ಬಂದ ಮೇಲೆ, 2024ರ ಯುಗಾದಿಯ ದಿನ 200 ಪುಟದ ಒಂದು ಉದ್ದ ನೋಟ್‌ಬುಕ್ ತಂದು ದೇವರ ಮುಂದೆ ಇಟ್ಟೆ. ನಮ್ಮವರು ನಕ್ಕರು. 'ಮನ್ಯಾಗೊಬ್ಬ ಶಾನಭೋಗ ಬಂದಂಗಾತು.' ಎಡಕ್ಕೆ ಹಾಲು, ಗ್ಯಾಸು, ತರಕಾರಿ. ಬಲಕ್ಕೆ ನಾಲ್ಕು ಬೆರಳು ಜಾಗ.

ಮೊದಲ ಸಾಲು: 'ಬೇವು ಕುಡಿದೆವು. ಮಗಳು ದ್ರಾಕ್ಷಿ, ಪುಟಾಣಿ ಆರಿಸಿಕೊಂಡು ತಿಂದು ಲೋಟ ಅಣ್ಣನಿಗೆ ಕೊಟ್ಟಳು.' ನಮ್ಮ ಕಡೆ ಬೇವು ಅಂದರೆ ಪಾನಕದ ಹಾಗೆ ಕುಡಿಯುವುದೇ ತಾನೇ.

ಮೇ ತಿಂಗಳು ಹುಕ್ಕೇರಿಯಲ್ಲಿ ತವರುಮನೆ. ಬೆಳಿಗ್ಗೆ ಸಂಡಿಗೆ, ಹಪ್ಪಳ. ಸಂಕೇಶ್ವರದ ಮೆಣಸಿನಕಾಯಿ ತಂದು ವರ್ಷದ ಖಾರ ಕುಟ್ಟಿಸುವ ಕೆಲಸ. ಸಂಜೆ ಮಕ್ಕಳನ್ನು ಕರೆದುಕೊಂಡು ಆದಿಲಶಾಹಿ ಕಾಲದ ಗುಮ್ಮಟಗಳ ಕಡೆ ಹೋದೆವು. ಒಳಗೆ ನಿಂತು ಕೂಗಿ ಕೂಗಿ ಮಗನ ಗಂಟಲು ಕಟ್ಟಿತು. ಒಂದು ದಿನ ಬುತ್ತಿ ಕಟ್ಟಿಕೊಂಡು ಹಿಡಕಲ್ ಡ್ಯಾಮಿಗೆ ಹೋದೆವು. ವಂಟಮುರಿ ಸಂಸ್ಥಾನದ ರಾಜಾ ಲಖಮಗೌಡರ ಹೆಸರಿನ ಈ ಜಲಾಶಯ ಹುಕ್ಕೇರಿ ತಾಲೂಕಿನದೇ. 51 ಟಿಎಂಸಿ ನೀರು ಹಿಡಿಯುವ ಜಾಗ ಬೇಸಿಗೆಯಲ್ಲಿ ಬರಿದಾಗಿ ಕಾಣುತ್ತಿತ್ತು. 'ಇಷ್ಟs ನೀರ ನಮ್ಮ ಮನಿಗೆ ಬಂದಿತ್ತಾ?' ಅಂತ ಮಗ ಕೇಳಿದ. ಅವನ ಮನಸ್ಸಿನಲ್ಲಿ ಅದು ಇನ್ನೂ ಕುಳಿತಿದೆ ಎಂದು ನನಗೆ ಗೊತ್ತಾಗಿದ್ದು ಅವತ್ತೇ. ಆ ಪ್ರಶ್ನೆ ಬರೆದಿಟ್ಟೆ. ಫೋಟೊ ತೆಗೆಯಲಿಲ್ಲ.

ಜೂನಿನಲ್ಲಿ ಶಾಲೆ, ಕಾರಹುಣ್ಣಿಮೆ. ಜುಲೈ ಮೊದಲ ವಾರ ಮಣ್ಣೆತ್ತಿನ ಅಮಾವಾಸ್ಯೆ. ಮಗ ತಾನೇ ಎತ್ತು ಮಾಡುತ್ತೇನೆ ಅಂತ ಹಟ ಹಿಡಿದು ಕೋಡು ಮುರಿದ. 'ಒಂಟಿಕೋಡಿನ ಎತ್ತು ಪೂಜೆ' ಅಂತ ಬರೆದೆ. ಅದನ್ನು ಓದಿದಾಗಲೆಲ್ಲ ಮನೆಯಲ್ಲಿ ನಗು.

ಅದೇ ತಿಂಗಳ ಕೊನೆಗೆ ನಗು ನಿಂತಿತು. ಮತ್ತೆ ಮಳೆ, ಮತ್ತೆ ಘಟಪ್ರಭಾ, ಮತ್ತೆ ಲೋಳಸೂರ ಸೇತುವೆ ಮುಳುಗಿತು. ಈ ಸಲ ನೀರು ನಮ್ಮ ಓಣಿಯ ಬಾಯಿಗೆ ಬಂದು ನಿಂತಿತು, ಒಳಗೆ ಬರಲಿಲ್ಲ. ಆದರೆ ಆ ರಾತ್ರಿ ನಾವು ತಯಾರಿದ್ದೆವು. ಮೊದಲು ಕಾಗದಪತ್ರದ ಡಬ್ಬಿ, ಅದರ ಮೇಲೆ ಅತ್ತೆಯ ಮೂರು ವಹಿ, ನನ್ನ ನೋಟ್‌ಬುಕ್. ಎಲ್ಲವನ್ನೂ ದಪ್ಪ ಪಾಲಿಥಿನ್ ಚೀಲದಲ್ಲಿ ಸುತ್ತಿ, ಗಂಟು ಹಾಕಿ ಅಟ್ಟಕ್ಕೇರಿಸಿ ಆಮೇಲೆ ಬಟ್ಟೆಬರೆ. ಮಗ ಟಾರ್ಚ್ ಹಿಡಿದಿದ್ದ. ಅವತ್ತಿನ ಸಾಲು: 'ನೀರು ಓಣಿ ಬಾಯಿಗೆ. ಎಲ್ಲರೂ ಎಚ್ಚರ. ರಾತ್ರಿ ಮೂರಕ್ಕೆ ಚಹಾ.'

ಪಂಚಮಿಗೆ ಮೂಡಲಗಿಯಿಂದ ನಾದಿನಿ ಬಂದರು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಕಾಲಿ. ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅತ್ತೆಯನ್ನು ಕರೆದುಕೊಂಡು ಫಾಲ್ಸಿಗೆ ಹೋದೆವು. 52 ಮೀಟರ್ ಎತ್ತರದಿಂದ ಕುದುರೆ ಲಾಳದ ಆಕಾರದಲ್ಲಿ ಘಟಪ್ರಭಾ ಬೀಳುತ್ತಿತ್ತು, ಕೆಂಪು ನೀರು. ಅತ್ತೆ ದೂರದಿಂದಲೇ ಸುಮಾರು 200 ಮೀಟರ್ ಉದ್ದದ ಆ ತೂಗುಸೇತುವೆಯನ್ನು ತೋರಿಸಿದರು. 'ಅಲ್ಲಿ, ನಡೂ ಇರಬೇಕ. ಗಾಳಿ ಭಾಳ ಇತ್ತ.' ಮಗಳು ಅವರ ಕೈ ಹಿಡಿದುಕೊಂಡು ನಿಂತಿದ್ದಳು. (ನೀವು ಮಕ್ಕಳ ಜೊತೆ ಹೋದರೆ ಒಂದು ಮಾತು: ಸೇತುವೆಯ ಮೇಲೆ ಬಿಡುತ್ತಾರೋ ಇಲ್ಲವೋ ಅಲ್ಲೇ ವಿಚಾರಿಸಿ. ಮಳೆಗಾಲದಲ್ಲಿ ಬಂಡೆಗಳು ಪಾಚಿ ಹಿಡಿದು ಜಾರುತ್ತವೆ. ಸೆಲ್ಫಿಗಾಗಿ ಅಂಚಿಗೆ ಹೋಗಲೇಬೇಡಿ.)

ಆಗ ಗೊತ್ತಾಗಲಿಲ್ಲ...

ದಸರಾದಲ್ಲಿ ಬನ್ನಿ ಕೊಡುವಾಗ ಅತ್ತೆ ನನ್ನ ಕೈಗೆ ಬನ್ನಿ ಇಟ್ಟು, 'ಬಂಗಾರದಂಗ ಇರೂಣು' ಅಂದು, ಮರುಗಳಿಗೆ ಕೇಳಿದರು: 'ಅಂಗಡಿಯಿಂದ ಅವರು ಇನ್ನೂ ಬಂದಿಲ್ಲೇನ?' ಮಾವನವರು ತೀರಿಕೊಂಡು ಹನ್ನೊಂದು ವರ್ಷ ಆಗಿದೆ. ಎಲ್ಲರೂ ಸುಮ್ಮನಾದೆವು. ದಣಿವಿನಿಂದ ಬಾಯ್ತಪ್ಪಿ ಬಂದಿರಬೇಕು ಅಂದುಕೊಂಡೆವು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಮತ್ತೆ ಅದೇ ಪ್ರಶ್ನೆ. ಗ್ಯಾಸ್ ಹಚ್ಚಿ ಮರೆಯುವುದು, ಒಂದೇ ಮಾತು ನಾಲ್ಕು ಸಲ ಕೇಳುವುದು.

ಆಗ ನೋಟ್‌ಬುಕ್ ಹಿಂದೆ ತಿರುವಿ ನೋಡಿದೆ. ಜೂನಿನಲ್ಲಿ ಒಂದು ಸಾಲು: 'ಅತ್ತೆ ಚಹಾಕ್ಕೆ ಉಪ್ಪು ಹಾಕಿದರು, ಎಲ್ಲರೂ ನಕ್ಕೆವು.' ಆಗಸ್ಟಿನಲ್ಲಿ ಇನ್ನೊಂದು: 'ಅತ್ತೆ ಗುಡಿಯಿಂದ ಬರುವಾಗ ಓಣಿ ತಪ್ಪಿದರು.' ಬಿಡಿಬಿಡಿಯಾಗಿ ನೋಡಿದಾಗ ಏನೂ ಅನ್ನಿಸಿರಲಿಲ್ಲ. ಕೂಡಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಬೆಳಗಾವಿಯಲ್ಲಿ ಡಾಕ್ಟರರಿಗೆ ತೋರಿಸಿದೆವು. ಯಾವಾಗಿನಿಂದ, ಹೇಗೆ ಶುರುವಾಯಿತು ಎಂದು ಅವರು ಕೇಳಿದಾಗ ತಿಂಗಳ ಸಮೇತ ಹೇಳಲು ಸಾಧ್ಯವಾದದ್ದು ಆ ನಾಲ್ಕು ಬೆರಳು ಜಾಗದಿಂದ. ಮರೆವಿನ ಕಾಯಿಲೆಯ ಶುರುವಾತು ಅಂದರು. ಔಷಧಿ ನಡೆದಿದೆ.

'ವಯಸ್ಸಾದ ಮೇಲೆ ಮರೆವು ಇದ್ದದ್ದೇ' ಅಂತ ನಾವೆಲ್ಲ ಸುಮ್ಮನಿರುತ್ತೇವೆ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಬೇರೆ. ಗೊತ್ತಿದ್ದ ದಾರಿ ತಪ್ಪುವುದು, ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು ಬೇರೆ. ಎರಡನೆಯದಾದರೆ ತೋರಿಸಿಬಿಡಿ. ಕೆಲವೊಮ್ಮೆ ಥೈರಾಯ್ಡ್, ಬಿ12 ಕೊರತೆಯಂಥ ಸರಿಪಡಿಸಬಹುದಾದ ಕಾರಣವೂ ಇರುತ್ತದೆ.

ಅಲ್ಲಿಂದ ಮುಂದೆ ನಾವು ಊಟವಾದ ಮೇಲೆ ಅತ್ತೆಯ ಹಳೇ ವಹಿ ತೆಗೆದು ಎರಡು ಪುಟ ಓದುವ ರೂಢಿ ಮಾಡಿಕೊಂಡೆವು. ಹಳೆಯ ಫೋಟೊ, ಹಾಡು, ಮಾತುಗಳಿಂದ ಹಿರಿಯರ ಮನಸ್ಸು ಹಗುರಾಗುತ್ತದೆ ಎಂದು ಡಾಕ್ಟರರೂ ಹೇಳಿದ್ದರು. ಇದರಲ್ಲಿ ನಾನು ಮೊದಲು ಮಾಡಿದ ತಪ್ಪು ನೀವು ಮಾಡಬೇಡಿ. 'ಇದ್ಯಾರು ಹೇಳಿ ನೋಡೋಣ?', 'ಇದು ಯಾವ ವರ್ಷ ಹೇಳಿ?' ಅಂತ ಪರೀಕ್ಷೆ ತೆಗೆದುಕೊಳ್ಳುತ್ತಿದ್ದೆ. ಉತ್ತರ ಬಾರದೆ ಅವರ ಮುಖ ಸಣ್ಣದಾಗುತ್ತಿತ್ತು. ಈಗ ನಾವೇ ಮೊದಲು ಹೇಳಿಬಿಡುತ್ತೇವೆ: 'ಇದು ಜೋಕಾಲಿ ಹಗ್ಗ ಹರಿದ ಪಂಚಮಿ ನೋಡ್ರಿ ಅತ್ತೀ.' ಆಗ ಅವರು, 'ಹೌದಲಾ! ಹಗ್ಗ ಬಾವ್ಯಾಗಿಂದ ತಂದಿದ್ವಿ, ನನದಿತ್ತ' ಅಂತ ತಾವೇ ಮುಂದುವರಿಸುತ್ತಾರೆ. ಎಲ್ಲ ದಿನವೂ ಅಲ್ಲ. ಕೆಲವು ದಿನ ಸುಮ್ಮನೆ ಕೇಳುತ್ತಾರೆ. ಅದೂ ಸಾಕು.

ಉಳಿದ ತಿಂಗಳು ಬೇಗ ಹೋದವು. ಗೌರಿಹುಣ್ಣಿಮೆಗೆ ಮಗಳು ಸಕ್ಕರೆ ಆರತಿ ಹಿಡಿದು ಹೊರಟಾಗ 'ಆಯಿ, ಇವತ್ತ ನಿನ್ನ ಹ್ಯಾಪಿ ಬರ್ತ್‌ಡೇ' ಅಂದಳು. ಜೂನ್ 1 ಬಿಟ್ಟು ಮೊದಲ ಸಲ ಅತ್ತೆಗೆ ಖರೇ ಹುಟ್ಟುಹಬ್ಬ ಆಯಿತು. ಡಿಸೆಂಬರಿನಲ್ಲಿ ಬೆಳಗಾವಿಗೆ ಔಷಧಿಗೆಂದು ಹೋದವರು ಊರಿನ ದೀಪಾಲಂಕಾರ ನೋಡಿಕೊಂಡು ಬಂದೆವು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ನೂರು ವರ್ಷ ತುಂಬಿತ್ತು. ಎಳ್ಳ ಅಮಾವಾಸ್ಯೆಗೆ ಮೂಡಲಗಿಯ ಹೊಲ, ಚರಗ, ಸಜ್ಜಿ ರೊಟ್ಟಿ, ಎಣ್ಣೆಗಾಯಿ. ಕಬ್ಬಿನ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಮನೆಗೆ ಬಂದಾಗ ರಾತ್ರಿ ಹತ್ತು.

ನೀವೂ ಶುರು ಮಾಡಿ

'ಎಲ್ಲಿ ಟೈಮ್ ಐತ್ರಿ?' ಅನ್ನುತ್ತೀರಿ. ದಿನಕ್ಕೆ ಎರಡು ನಿಮಿಷ. ಅದೂ ದಿನಾ ಬೇಡ, ವಾರಕ್ಕೆ ಎರಡು ಸಲ ಸಾಕು. ನನ್ನ ಅನುಭವದಿಂದ ಕೆಲವು ಸಲಹೆಗಳು:

* ಬೇರೆ ಡೈರಿ ಕೊಳ್ಳಬೇಡಿ. ಚೆಂದದ ಡೈರಿ ಚೆಂದಕ್ಕೇ ಉಳಿಯುತ್ತದೆ. ಹೇಗೂ ಬರೆಯುವ ಹಾಲಿನ, ಕಿರಾಣಿ ಲೆಕ್ಕದ ಪಕ್ಕದಲ್ಲೇ ಬರೆಯಿರಿ.

* ಒಂದೇ ಸಾಲು. ಏನಾಯಿತು, ಯಾರು ಏನಂದರು ಅಷ್ಟೇ. 'ತುಂಬಾ ಸಂತೋಷವಾಯಿತು' ಅಂತ ಬರೆದರೆ ಹತ್ತು ವರ್ಷದ ಮೇಲೆ ಏನೂ ನೆನಪಾಗದು. 'ಮಗ ಐಸ್‌ಕ್ರೀಮ್ ಬೀಳಿಸಿದ, ತಂಗಿ ತನ್ನದರಲ್ಲಿ ಅರ್ಧ ಕೊಟ್ಟಳು' ಅಂತ ಬರೆದರೆ ಸಂತೋಷ ತಾನೇ ಬರುತ್ತದೆ.

* ತಾರೀಖಿನ ಜೊತೆ ಹಬ್ಬವನ್ನೂ, ಇಸವಿಯನ್ನೂ ಬರೆಯಿರಿ. ನಮ್ಮ ಮನಸ್ಸು ಹಬ್ಬ ಹಿಡಿದು ನೆನೆಯುತ್ತದೆ. ಇಸವಿ ಇಲ್ಲದಿದ್ದರೆ ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ.

* ಜಗಳದ ದಿನ ಜಗಳ ಬರೆಯಬೇಡಿ. 'ಇವತ್ತು ಮಾತಿಲ್ಲ' ಸಾಕು. ನಾಳೆ ಎಲ್ಲರೂ ಓದುವ ಪುಸ್ತಕ ಇದು.

* ಕೊನೆಯ ಪುಟಗಳನ್ನು ಆರೋಗ್ಯಕ್ಕೆ ಬಿಡಿ. ಮಕ್ಕಳ ಎತ್ತರ, ತೂಕ, ಲಸಿಕೆ ಬರೆದಿಡಿ. ತಾಯಿ ಕಾರ್ಡ್ ಒಳಗಿಟ್ಟು ಮರೆತುಬಿಡುತ್ತೇವೆ. ಆದರೆ 5-6 ವರ್ಷಕ್ಕೆ ಡಿಪಿಟಿ ಬೂಸ್ಟರ್, 10 ಮತ್ತು 16ನೇ ವರ್ಷಕ್ಕೆ ಟಿಡಿ ಲಸಿಕೆ ಇರುತ್ತದೆ.

* ಜನನ ಪ್ರಮಾಣಪತ್ರದ ಝೆರಾಕ್ಸ್ ಜೊತೆಗಿರಲಿ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಸ್ಥಳಕ್ಕೆ ಅದೇ ಮುಖ್ಯ ದಾಖಲೆ. ಮಾಸ್ತರರ ಜೂನ್ 1 ಇನ್ನು ನಡೆಯುವುದಿಲ್ಲ!

* ತಿಂಗಳಿಗೊಮ್ಮೆ ಮೊಬೈಲಿನ ಬೇಡದ ಫೋಟೊ ಅಳಿಸಿ, ಎರಡೇ ಎರಡು ಒಳ್ಳೆಯವನ್ನು ಪ್ರಿಂಟ್ ಹಾಕಿಸಿ. ವರ್ಷಕ್ಕೆ 24 ಆದವು. ಗೂಗಲ್ ಫೋಟೋಸ್‌ನಲ್ಲಿ ಇವೆಯಲ್ಲ ಅನ್ನಬೇಡಿ. 2021ರ ಜೂನ್ 1ರಿಂದ ಉಚಿತ ಜಾಗ 15 ಜಿಬಿಗೆ ಸೀಮಿತ. ತುಂಬಿದ ಮೇಲೆ ಹೊಸ ಫೋಟೊ ಅಲ್ಲಿಗೆ ಹೋಗುವುದಿಲ್ಲ, ನಾವು ಅದನ್ನು ಗಮನಿಸದೆಯೂ ಇರಬಹುದು. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಹಾಕಿ ತವರಿನಲ್ಲೋ, ನಾದಿನಿಯ ಮನೆಯಲ್ಲೋ ಇಡಿ. ನೀರು ಎರಡೂ ಊರಿಗೆ ಒಟ್ಟಿಗೆ ಬರಲಾರದು.

* ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಮುಂದಕ್ಕೆ ಅಚ್ಚು ಬೀಳುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ ಅಂಚಿಗೆ ಹೆಸರು, ಊರು, ಇಸವಿ ಬರೆಯಿರಿ. ಅಂಟು ಹಾಳೆಯ ಆಲ್ಬಮ್‌ಗಿಂತ ಜೇಬಿರುವ ಆಲ್ಬಮ್ ಒಳ್ಳೆಯದು.

ಫೋಟೊ ನೆನೆದರೆ...

* ಒಣಗಲು ಬಿಡದೆ ಬೇಗ ಕೆಲಸಕ್ಕೆ ಕೈಹಾಕಿ. ಎರಡು ದಿನ ಕಳೆದರೆ ಬೂಸು ಹಿಡಿಯುತ್ತದೆ.

* ಅಂಟಿದ ಫೋಟೊಗಳನ್ನು ಎಳೆಯಬೇಡಿ (ನಾನು ಮಾಡಿದ ತಪ್ಪು). ತಣ್ಣಗಿನ ಶುದ್ಧ ನೀರಿನ ಪರಾತದಲ್ಲಿ ಮುಳುಗಿಸಿಡಿ. ಎಷ್ಟೋ ಸಲ ತಾವೇ ಬಿಡುತ್ತವೆ.

* ಕೆಸರನ್ನು ಉಜ್ಜದೆ, ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸಿ ತೆಗೆಯಿರಿ. ಚಿತ್ರದ ಮುಖವನ್ನು ಕೈಯಿಂದ ಮುಟ್ಟಬೇಡಿ.

* ಸ್ವಚ್ಛ ಬಟ್ಟೆಯ ಮೇಲೆ ಚಿತ್ರ ಮೇಲೆ ಬರುವಂತೆ ಬಿಡಿಬಿಡಿಯಾಗಿ ಹರವಿ, ನೆರಳಿನಲ್ಲಿ ಒಣಗಿಸಿ. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ.

* ಬಹಳ ಇದ್ದರೆ, ಒಗೆದ ಫೋಟೊಗಳನ್ನು ಪಾಲಿಥಿನ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಬಿಡುವಾದಾಗ ತೆಗೆದು ಒಣಗಿಸಬಹುದು.

2025ರ ಯುಗಾದಿಯ ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕುಳಿತೆವು. ಹುಕ್ಕೇರಿಯಿಂದ ಅವ್ವ ಬಂದಿದ್ದರು, ಮೂಡಲಗಿಯಿಂದ ನಾದಿನಿ. ವರ್ಷವನ್ನೆಲ್ಲ ಮಗ ಗಟ್ಟಿಯಾಗಿ ಓದಿದ. ಒಂಟಿಕೋಡಿನ ಎತ್ತಿಗೆ ನಕ್ಕೆವು, ರಾತ್ರಿ ಮೂರರ ಚಹಾಕ್ಕೆ ಸುಮ್ಮನಾದೆವು. ಶಾನಭೋಗ ಎಂದು ನಕ್ಕಿದ್ದ ನಮ್ಮವರು, 'ಇದರಾಗ ನಾನು ಸೈಕಲ್ ಕಲಿಸಿದ್ದು ಬರದೇ ಇಲ್ಲಲಾ' ಅಂತ ತಕರಾರು ತೆಗೆದರು!

ಅತ್ತೆ ನೋಟ್‌ಬುಕ್ ಕೇಳಿ ತೆಗೆದುಕೊಂಡರು. ಪೆನ್ನು ಹಿಡಿದು ಬಹಳ ಹೊತ್ತು ಕುಳಿತು, ಹೊಸ ವರ್ಷದ ಮೊದಲ ಸಾಲನ್ನು ತಾವೇ ಬರೆದರು. ಅಕ್ಷರ ಸ್ವಲ್ಪ ಸೊಟ್ಟಗಾಗಿವೆ. 'ಯುಗಾದಿ. ಹೋಳಿಗಿ. ಎಲ್ಲಾರೂ ಬಂದಾರ.'

ಇವತ್ತು ರಾತ್ರಿ ಹಾಲಿನ ಲೆಕ್ಕ ಬರೆಯುವಾಗ ಪಕ್ಕದಲ್ಲಿ ನಾಲ್ಕು ಬೆರಳು ಜಾಗ ಬಿಡಿ. ಮತ್ತು ಮನೆಯಲ್ಲಿ ಹಿರಿಯರಿದ್ದರೆ ಒಂದು ಮಾತು ಕೇಳಿ ಅಲ್ಲಿ ಬರೆದಿಡಿ. ನಾಳೆ ಕೇಳಿದರಾಯಿತು ಅನ್ನಬೇಡಿ.